‘ಲೂಜ್’ ಯಾವ ಮರ? ಹೀಬ್ರೂ ಗ್ರಂಥದ ಒಂದು ಮರದ ಗುರುತು ಹಿಡಿಯುವ ಬಗೆ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 30ನೆಯ ಅಧ್ಯಾಯದಲ್ಲಿ ಯಾಕೋಬನು ತನ್ನ ಮಾವ ಲಾಬಾನನ ಮಂದೆಯನ್ನು ಮೇಯಿಸುತ್ತಿದ್ದಾನೆ. ಚುಕ್ಕೆ, ಮಚ್ಚೆ ಇರುವ ಮರಿಗಳು ಅವನ ಪಾಲಿನ ಕೂಲಿ ಎಂದು ಮಾತಾಗಿದೆ. ಅವನು ಮೂರು ಜಾತಿಯ ಮರಗಳಿಂದ ಹಸಿ ಕೋಲುಗಳನ್ನು ಕಡಿದು, ಅಲ್ಲಲ್ಲಿ ತೊಗಟೆ ಸುಲಿದು ಬಿಳಿಯ ಪಟ್ಟೆ ಕಾಣುವಂತೆ ಮಾಡಿ, ಮಂದೆ ನೀರು ಕುಡಿಯುವ ತೊಟ್ಟಿಗಳ ಎದುರಿಗೆ ಇಡುತ್ತಾನೆ. ಇದು 37 ಮತ್ತು 38ನೆಯ ವಚನಗಳ ಸಾರ. ಆ ಮೂರು ಮರಗಳ ಹೀಬ್ರೂ ಹೆಸರುಗಳು ಲಿಬ್ನೆ, ಲೂಜ್ ಮತ್ತು ಅರ್ಮೋನ್.

ನಡುವಿನದು ಗಟ್ಟಿ ಚಿಪ್ಪಿನ ಕಾಯಿ ಬಿಡುವ ಮರ ಎಂಬುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ಯಾವ ಕಾಯಿ ಎಂಬಲ್ಲಿ ಮಾತ್ರ ಅನುವಾದಗಳು ಬೇರೆಯಾಗುತ್ತವೆ. 1611ರ ಇಂಗ್ಲಿಷ್ ಬೈಬಲ್ ಹೇಜಲ್ ಎಂದಿತು, ಗುಂಡಗಿನ ನುಣ್ಣನೆಯ ಕಾಯಿ ಬಿಡುವ ಒಂದು ಪೊದೆಮರ ಅದು. 1885ರ ಪರಿಷ್ಕೃತ ಇಂಗ್ಲಿಷ್ ಬೈಬಲ್ ಬಾದಾಮಿ ಎಂದು ತಿದ್ದಿತು. ಈ ಎರಡರಲ್ಲಿ ಯಾವುದು ಸರಿ ಎಂಬುದನ್ನು ಬೇರೊಬ್ಬರ ಮಾತಿನ ಮೇಲೆ ನಂಬಬೇಕಾಗಿಲ್ಲ. ಹೀಬ್ರೂ ಕಲಿಯದ ಸಾಮಾನ್ಯ ಓದುಗರೂ ಒಂದು ಸಂಜೆ ಕುಳಿತರೆ ತಾವೇ ಪರೀಕ್ಷಿಸಿ ನೋಡಬಹುದು. ಬೇಕಾಗುವುದು ಒಂದು ಕನ್ನಡ ಬೈಬಲ್, ಹೀಬ್ರೂ ಮೂಲವನ್ನು ಪದ ಪದಕ್ಕೆ ಬಿಡಿಸಿ ತೋರಿಸುವ ಒಂದು ಜಾಲತಾಣ ಅಥವಾ ಪುಸ್ತಕ, ಮತ್ತು ಒಂದು ನೋಟ್‌ಬುಕ್. ಸಾಧ್ಯವಾದರೆ ಚಿಪ್ಪು ಬಿಡಿಸದ ಬಾದಾಮಿಯನ್ನೂ ಒಂದು ಹಿಡಿ ತಂದಿಟ್ಟುಕೊಳ್ಳಿ.

ಮೊದಲು, ನಿಮ್ಮ ಬೀದಿಯ ಬಾದಾಮಿ ಮರವನ್ನು ಮನಸ್ಸಿನಿಂದ ತೆಗೆಯಿರಿ

ಕನ್ನಡ ಓದುಗರು ಎಡವುವ ಮೊದಲ ಜಾಗ ಇದು. ನಮ್ಮ ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಬಾದಾಮಿ ಮರವಿತ್ತು. ಕೊಂಬೆಗಳು ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಅಂತಸ್ತು ಅಂತಸ್ತಾಗಿ ಹರಡಿದ್ದವು. ಅಂಗೈಗಿಂತ ಅಗಲವಾದ ಎಲೆಗಳು ಉದುರುವ ಮುನ್ನ ಕೆಂಪಾಗುತ್ತಿದ್ದವು. ಬಿದ್ದ ಹಣ್ಣಿನ ನಾರನ್ನು ಕಲ್ಲಿನಿಂದ ಜಜ್ಜಿ, ಒಳಗಿನ ಕಡ್ಡಿಯಂಥ ಸಣ್ಣ ತಿರುಳನ್ನು ಚೂರಾಗದಂತೆ ತೆಗೆಯುವುದೇ ನಮಗೆ ದೊಡ್ಡ ವಿದ್ಯೆ. ಬೈಬಲಿನ ಪ್ರವಾದಿ ಯೆರೆಮೀಯನು ಬಾದಾಮಿ ಕೊಂಬೆಯನ್ನು ಕಂಡನೆಂದು ಮೊದಲು ಓದಿದಾಗ ನಾನು ಕಂಡದ್ದು ಆ ಮರದ ಕೊಂಬೆಯನ್ನೇ.

ಅದು ಟರ್ಮಿನೇಲಿಯಾ ಕಟಪ್ಪಾ. ಕಾಡು ಬಾದಾಮಿ, ನಾಡು ಬಾದಾಮಿ ಎಂದೆಲ್ಲ ಕರೆಯುತ್ತೇವೆ. ನಮ್ಮ ಮತ್ತಿ, ತಾರೆ, ಅಳಲೆ ಮರಗಳ ಬಳಗಕ್ಕೆ ಸೇರಿದ ಅದು ಬೆಚ್ಚಗಿನ ಕರಾವಳಿಗಳ ಮರ. ಅಂಗಡಿಯಲ್ಲಿ ತೂಗಿ ಕೊಡುವ ಬಾದಾಮಿಯ ಮರ ಗುಲಾಬಿಯ ಕುಟುಂಬದ್ದು, ಪೀಚ್ ಹಣ್ಣಿನ ಹತ್ತಿರದ ನೆಂಟ. ಪ್ರೂನಸ್ ಡಲ್ಸಿಸ್ ಎಂಬುದು ಅದರ ಸಸ್ಯಶಾಸ್ತ್ರೀಯ ಹೆಸರು. ಅದಕ್ಕೆ ಚಳಿಗಾಲದ ನಿಜವಾದ ಚಳಿ ಬೇಕು, ಬೇಸಿಗೆಯ ಒಣ ಬಿಸಿಲು ಬೇಕು. ಆದ್ದರಿಂದ ಅದು ನಮ್ಮ ಬಯಲುಸೀಮೆಯಲ್ಲೂ ಇಲ್ಲ, ಕರಾವಳಿಯಲ್ಲೂ ಇಲ್ಲ. ಬಾದಾಮ್ ಎಂಬುದು ಪಾರಸಿ ಮಾತು. ಒಣಹಣ್ಣಿನ ವ್ಯಾಪಾರದ ಜೊತೆ ಬಂದ ಹೆಸರು ಇಲ್ಲಿನ ಬೇರೊಂದು ಮರಕ್ಕೂ ಅಂಟಿಕೊಂಡಿತು. ಕನ್ನಡ ಬೈಬಲಿನಲ್ಲಿ ಬಾದಾಮಿ ಎಂದು ಕಂಡಾಗಲೆಲ್ಲ ಅಂಚಿನಲ್ಲಿ ‘ಅಂಗಡಿಯದು’ ಎಂದು ಗುರುತು ಹಾಕಿಕೊಳ್ಳಿ. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.

ಎರಡನೆಯ ಹೆಜ್ಜೆ: ವಚನವೇ ಏನು ಹೇಳುತ್ತದೆ, ಎಷ್ಟು ಹೇಳುತ್ತದೆ

ಅನುವಾದಗಳನ್ನು ಮುಚ್ಚಿಟ್ಟು, ವಚನದಿಂದ ಸಿಗುವ ಸಂಗತಿಗಳನ್ನು ಮಾತ್ರ ಬರೆದುಕೊಳ್ಳಿ. ಲೂಜ್ ಬಗ್ಗೆ ಸಿಗುವುದು ಇಷ್ಟೇ: ಅದರ ಕೋಲು ಕಡಿಯಬಹುದು, ಹಸಿ ಇದ್ದಾಗ ತೊಗಟೆ ಸುಲಿಯಬಹುದು, ಒಳಗಿನ ಮರ ಬೆಳ್ಳಗಿರುತ್ತದೆ, ಮಂದೆ ಮೇಯುವ ಜಾಗದ ಹತ್ತಿರವೇ ಸಿಗುತ್ತದೆ. ಕಾಯಿಯ ಮಾತೇ ಇಲ್ಲ. ಅಂದರೆ ಅದು ಕಾಯಿ ಬಿಡುವ ಮರವೆಂಬ ಸಂಗತಿಯೂ ಪದದಿಂದಲೇ ಬರಬೇಕು.

ಕಥೆ ನಡೆಯುವ ಸ್ಥಳವನ್ನು ದೊಡ್ಡದಾಗಿ ಬರೆದುಕೊಳ್ಳಿ. ಲಾಬಾನನ ಊರು ಹಾರಾನ್, ಪ್ರದೇಶ ಪದ್ದನ್ ಅರಾಮ್. ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ, ಶಾನ್ಲಿಉರ್ಫಾ ನಗರದ ದಕ್ಷಿಣಕ್ಕೆ ಹರಡಿದ ಒಣ ಬಯಲು ಅದು. ಈ ಒಂದು ಸಾಲು ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಮೂರನೆಯ ಹೆಜ್ಜೆ: ಮೂಲ ಪದವನ್ನು ಹಿಡಿಯಿರಿ

1890ರಲ್ಲಿ ಪ್ರಕಟವಾದ ಸ್ಟ್ರಾಂಗ್ ಅವರ ಪದಸೂಚಿ ಬೈಬಲಿನ ಪ್ರತಿಯೊಂದು ಹೀಬ್ರೂ ಪದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಜಾಲತಾಣಗಳಲ್ಲಿ ಇಂದಿಗೂ ಅದೇ ಸಂಖ್ಯೆಗಳು ನಡೆಯುತ್ತವೆ. ಹೀಬ್ರೂ ಅಕ್ಷರ ಓದಲು ಬಾರದವರಿಗೆ ಇದೇ ಊರುಗೋಲು. ಲೂಜ್ ಮರ 3869. ಅದೇ ಉಚ್ಚಾರದ ಊರಿನ ಹೆಸರು 3870. ಯಾಕೋಬನು ಬೇತೇಲ್ ಎಂದು ಹೆಸರಿಡುವ ಮೊದಲು ಆ ಊರು ಲೂಜ್ ಆಗಿತ್ತೆಂದು ಆದಿಕಾಂಡ 28:19 ಹೇಳುತ್ತದೆ. ಇವೆರಡನ್ನು ಬೆರೆಸಬೇಡಿ. ಬಾದಾಮಿಗೆ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಪದ ಶಾಕೇದ್, ಸಂಖ್ಯೆ 8247.

ಈಗ 3869 ಎಂಬ ಸಂಖ್ಯೆ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ. ಇಡೀ ಗ್ರಂಥದಲ್ಲಿ ಒಂದೇ ಕಡೆ, ಇದೇ ವಚನದಲ್ಲಿ. ಒಂದೇ ಸಲ ಬರುವ ಪದಕ್ಕೆ ಗ್ರಂಥದೊಳಗೆ ಬೇರೆ ಸಾಕ್ಷಿ ಸಿಗುವುದಿಲ್ಲ, ಹೊರಗೆ ಹೋಗಿಯೇ ಕೇಳಬೇಕು. ಶಾಕೇದ್ ಹಾಗಲ್ಲ. ಆದಿಕಾಂಡ 43:11, ಅರಣ್ಯಕಾಂಡ 17:8, ಪ್ರಸಂಗಿ 12:5, ಯೆರೆಮೀಯ 1:11 ಎಂದು ಹಲವು ಕಡೆ ಬರುತ್ತದೆ. ಇದೇ ಮೂಲದ ಇನ್ನೊಂದು ರೂಪ ವಿಮೋಚನಕಾಂಡ 25:33ರಲ್ಲಿ ದೀಪಸ್ತಂಭದ ಬಟ್ಟಲುಗಳ ಆಕಾರವನ್ನು ವರ್ಣಿಸುತ್ತದೆ.

ಒಂದು ಎಚ್ಚರಿಕೆ. ಹೀಬ್ರೂ ಮುದ್ರಣಗಳ ವಚನಸಂಖ್ಯೆ ಕೆಲವೆಡೆ ನಮ್ಮ ಮುದ್ರಣಗಳಿಗಿಂತ ಬೇರೆ. ಮೋಶೆಯ ಅಣ್ಣ ಆರೋನನ ಕೋಲು ಚಿಗುರಿದ ವಚನ ನಮ್ಮಲ್ಲಿ ಅರಣ್ಯಕಾಂಡ 17:8, ಹೀಬ್ರೂ ಮುದ್ರಣದಲ್ಲಿ 17:23. ವಚನವೇ ಇಲ್ಲವೆಂದು ಗಾಬರಿಯಾಗಬೇಡಿ.

ನಾಲ್ಕನೆಯ ಹೆಜ್ಜೆ: ಒಡಹುಟ್ಟಿದ ಭಾಷೆಗಳನ್ನು ಕೇಳಿ

ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ಹಾಲು ಎಂಬ ಪದ ಒಂದೇ ಒಂದು ಹಳಗನ್ನಡ ಸಾಲಿನಲ್ಲಿ ಉಳಿದಿತ್ತೆಂದು ಭಾವಿಸಿ. ತಮಿಳರನ್ನೂ ತೆಲುಗರನ್ನೂ ಕೇಳಿದರೆ ಅರ್ಥ ಸಿಕ್ಕಿಬಿಡುತ್ತದೆ. ಹೀಬ್ರೂವಿಗೂ ಅರಾಮಿಕ್, ಅರಬ್ಬಿ, ಇಥಿಯೋಪಿಯಾದ ಗೀಜ್ ಭಾಷೆಗಳಿಗೂ ಇರುವುದು ಅಂಥದೇ ಸಂಬಂಧ.

ಅರಬ್ಬಿಯಲ್ಲಿ ಲವ್ಜ್ ಎಂದರೆ ಬಾದಾಮಿ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಂಗಳೂರು, ಭಟ್ಕಳದ ಕಡೆಯ ಕನ್ನಡಿಗರು ಅಂಗಡಿಯ ಡಬ್ಬಿಗಳ ಮೇಲೆ ಈ ಪದವನ್ನು ನೋಡಿಯೇ ಇರುತ್ತಾರೆ. ಅರಾಮಿಕ್‌ನ ಒಂದು ರೂಪವಾದ ಸಿರಿಯಾಕ್‌ನಲ್ಲಿ ಲೂಜಾ, ಅದೂ ಬಾದಾಮಿ. ಗೀಜ್‌ನಲ್ಲೂ ಲವ್ಜ್, ಅದೇ ಅರ್ಥ. ಮೂರು ಭಾಷೆಗಳೂ ಒಂದೇ ಕಾಯಿಯತ್ತ ಕೈ ತೋರಿಸುತ್ತವೆ.

ಬಾದಾಮಿಗೆ ಶಾಕೇದ್ ಎಂಬ ಪದವಿರುವಾಗ ಇಲ್ಲೇಕೆ ಲೂಜ್? ಕೇಳಲೇಬೇಕಾದ ಪ್ರಶ್ನೆ. ಎರಡನೆಯ ಹೆಜ್ಜೆಯಲ್ಲಿ ಬರೆದುಕೊಂಡ ಸ್ಥಳವನ್ನು ನೋಡಿ: ಪದ್ದನ್ ಅರಾಮ್, ಅರಾಮ್ಯರ ಸೀಮೆ. ಮುಂದಿನ ಅಧ್ಯಾಯದ 47ನೆಯ ವಚನದಲ್ಲಿ ಲಾಬಾನನು ಸಾಕ್ಷಿಯ ಕಲ್ಲುಗುಪ್ಪೆಗೆ ಯಗರ್ ಸಾಹದೂತಾ ಎಂದು ಅರಾಮಿಕ್ ಹೆಸರಿಡುತ್ತಾನೆ. ಯಾಕೋಬನು ಅದೇ ಗುಪ್ಪೆಯನ್ನು ಹೀಬ್ರೂವಿನಲ್ಲಿ ಗಲೇದ್ ಎನ್ನುತ್ತಾನೆ. ಮಾವ ಅಳಿಯಂದಿರ ಮಾತು ಬೇರೆ ಎಂಬುದನ್ನು ಗ್ರಂಥವೇ ಮರೆಯದೆ ತೋರಿಸಿದೆ. ಲಾಬಾನನ ಸೀಮೆಯ ಕಥೆಯಲ್ಲಿ ಅರಾಮಿಕ್ ಉಳಿಸಿಕೊಂಡ ಮರದ ಹೆಸರು ಬಂದಿರುವುದು ನನಗೆ ಬಹಳ ಸಹಜವಾಗಿ ಕಾಣುತ್ತದೆ. ಲೂಜ್ ಕಾಡು ಬಾದಾಮಿ (ನಮ್ಮ ಬೀದಿಯದಲ್ಲ, ಅಂಗಡಿಯ ಬಾದಾಮಿಯದೇ ಕಾಡುಜಾತಿ), ಶಾಕೇದ್ ತೋಟದ ಬಾದಾಮಿ ಎಂದು ಬಗೆಯುವವರೂ ಇದ್ದಾರೆ. ಅದು ಊಹೆ. ಆದರೆ ಎರಡು ವಿವರಣೆಗಳೂ ಬಾದಾಮಿಯನ್ನು ಬಿಟ್ಟು ಹೋಗುವುದಿಲ್ಲ.

ಐದನೆಯ ಹೆಜ್ಜೆ: ಹಳೆಯ ಅನುವಾದಕರು ಎಲ್ಲಿ ಕುಳಿತು ಬರೆದರು?

ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ಇದಕ್ಕೆ ಸಮಯ ಕೊಡಿ.

ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆದಿಕಾಂಡವೂ ಸೇರಿದಂತೆ ಮೋಶೆಯ ಐದು ಗ್ರಂಥಗಳು ಗ್ರೀಕ್ ಭಾಷೆಗೆ ಬಂದವು, ಉಳಿದವು ಆಮೇಲೆ. ಅಲ್ಲಿ ಲೂಜ್ ಕೋಲಿಗೆ ‘ಕರುಯಿನೆ’ ಎಂದಿದೆ, ಅಂದರೆ ಕರುವಾ ಎಂಬ ಗಟ್ಟಿಚಿಪ್ಪಿನ ಕಾಯಿಯ ಮರದ ಕೋಲು. ಪದ ತೀರಾ ಸಾಮಾನ್ಯ, ಯಾವ ಕಾಯಿ ಎಂದು ಬಿಡಿಸಿ ಹೇಳುವುದಿಲ್ಲ. ಇಷ್ಟಕ್ಕೇ ಬಿಟ್ಟುಬಿಡಬೇಡಿ. ಶಾಕೇದ್ ಬರುವ ವಚನಗಳನ್ನು ಅದೇ ಗ್ರೀಕ್ ಅನುವಾದದಲ್ಲಿ ತೆರೆಯಿರಿ. ಆರೋನನ ಕೋಲು ಬಿಟ್ಟ ಬಾದಾಮಿಗೆ ಕರುವಾ. ಯಾಕೋಬನು ಈಜಿಪ್ಟಿಗೆ ಕಳುಹಿಸಿದ ಬಾದಾಮಿಗೆ ಕರುವಾ. ಯೆರೆಮೀಯನು ಕಂಡ ಕೊಂಬೆಗೆ ಮತ್ತೆ ಕರುಯಿನೆ. ಎಂದರೆ ಗ್ರೀಕ್ ಅನುವಾದದ ಈ ವಚನಗಳಲ್ಲಿ ಲೂಜ್ ಮತ್ತು ಶಾಕೇದ್ ಎರಡಕ್ಕೂ ಒಂದೇ ಮಾತು. ಒಂದು ಪದವನ್ನು ಒಂಟಿಯಾಗಿ ನೋಡಿದ್ದರೆ ಈ ಸಾಕ್ಷಿ ಕೈತಪ್ಪುತ್ತಿತ್ತು.

ಕ್ರಿಸ್ತಶಕ 386ರಲ್ಲಿ ಜೆರೋಮ್ ಬೇತ್ಲೆಹೇಮಿನಲ್ಲಿ ನೆಲೆಸಿ, ಅಲ್ಲಿಯೇ ಕುಳಿತು ಹೀಬ್ರೂ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದರು. ಅವರ ಅನುವಾದದಲ್ಲಿ ಲೂಜ್ ಕೋಲು ‘ಅಮಿಗ್ದಾಲಿನಾಸ್’, ಅನುಮಾನಕ್ಕೆ ಎಡೆಯಿಲ್ಲದ ಬಾದಾಮಿ. ಚಳಿಗಾಲದ ಕೊನೆಗೆ ಬಾದಾಮಿ ಹೂ ಬಿಡುವ ಬೆಟ್ಟಗಳ ಸೀಮೆಯಲ್ಲಿ ಬರೆದವರು ಅವರು.

ಏಳು ಶತಮಾನ ಮುಂದೆ, ಫ್ರಾನ್ಸಿನ ಟ್ರ್ವಾ ಪಟ್ಟಣಕ್ಕೆ ಬನ್ನಿ. ಯಹೂದಿ ವ್ಯಾಖ್ಯಾನಕಾರರಲ್ಲಿ ಬಹು ಮಾನ್ಯರಾದ ರಾಶಿ (1040–1105) ಅಲ್ಲಿಯವರು. ಕಷ್ಟದ ಹೀಬ್ರೂ ಪದ ಬಂದಾಗ ಶಿಷ್ಯರಿಗೆ ತಿಳಿಯಲೆಂದು ತಮ್ಮ ಊರಿನ ಹಳೆಯ ಫ್ರೆಂಚ್ ಮಾತನ್ನು ಹೀಬ್ರೂ ಲಿಪಿಯಲ್ಲೇ ಬರೆಯುವುದು ಅವರ ಪದ್ಧತಿ. ಲೂಜ್ ಎಂಬಲ್ಲಿ, ಸಣ್ಣ ಕಾಯಿಗಳು ಬಿಡುವ ಮರ ಎಂದು ಹೇಳಿ ‘ಕೋಲ್ದ್ರೆ’ ಎಂದು ಬರೆದರು. ಅದು ಹೇಜಲ್. ಅರ್ಮೋನ್‌ಗೆ ಅವರು ಕೊಟ್ಟದ್ದು ಚೆಸ್ಟ್‌ನಟ್ ಮರದ ಫ್ರೆಂಚ್ ಹೆಸರು. ಎರಡೂ ಫ್ರಾನ್ಸಿನ ಬೇಲಿ, ಕಾಡುಗಳಲ್ಲಿ ಬೆಳೆಯುವ ಮರಗಳು. ಲೂಥರ್ ಅವರ ಜರ್ಮನ್ ಬೈಬಲಿನಲ್ಲೂ ಇದೇ ಜೋಡಿ, 1611ರ ಇಂಗ್ಲಿಷಿನಲ್ಲೂ ಇದೇ ಜೋಡಿ.

ಸಾಕ್ಷಿಗಳನ್ನು ಈಗ ಎರಡು ಸಾಲಿನಲ್ಲಿ ನಿಲ್ಲಿಸಿ. ಬಾದಾಮಿ ಬೆಳೆಯುವ ನಾಡಿನಲ್ಲಿ ಇದ್ದವರು, ಆ ನಾಡಿನ ಭಾಷೆ ಆಡುವವರು ಬಾದಾಮಿ ಎನ್ನುತ್ತಾರೆ. ಹೇಜಲ್ ಬೆಳೆಯುವ ನಾಡಿನಲ್ಲಿ ಕುಳಿತವರು ಹೇಜಲ್ ಎನ್ನುತ್ತಾರೆ. ರಾಶಿಯವರ ಪಾಂಡಿತ್ಯವನ್ನು ಕಡಿಮೆ ಮಾಡುವ ಮಾತು ಇದಲ್ಲ. ಎದುರಿಗೆ ಕುಳಿತ ಹುಡುಗರಿಗೆ ಅರ್ಥವಾಗಬೇಕೆಂಬ ಕಾಳಜಿ ಆ ಫ್ರೆಂಚ್ ಪದದಲ್ಲಿದೆ. ಶಾಲೆಯ ಅಂಗಳದ ಮರವನ್ನು ಯೆರೆಮೀಯನ ಕೈಗೆ ಕೊಟ್ಟ ನನಗೂ ಆಗಿದ್ದು ಅದೇ.

ಆರನೆಯ ಹೆಜ್ಜೆ: ನೆಲ ಒಪ್ಪುತ್ತದೆಯೇ?

ಹೇಜಲ್ ತೇವ ಬಯಸುವ ಪೊದೆಮರ. ತುರ್ಕಿಯಲ್ಲೇ ಅದು ಹೇರಳವಾಗಿದೆ, ಆದರೆ ಎಲ್ಲಿ? ಉತ್ತರದ ಕಪ್ಪುಸಮುದ್ರದ ತೀರದಲ್ಲಿ, ಓರ್ದು, ಗಿರೆಸುನ್ ಕಡೆಯ ಮಳೆ ಸುರಿಯುವ ಇಳಿಜಾರುಗಳಲ್ಲಿ. ಹಾರಾನ್ ಆ ತೀರದಿಂದ ಬಹಳ ದೂರ ದಕ್ಷಿಣಕ್ಕೆ, ಸಿರಿಯಾದ ಗಡಿಯಲ್ಲಿದೆ. ‘ತುರ್ಕಿಯಲ್ಲಿ ಹೇಜಲ್ ಇದೆ, ಹಾರಾನ್ ತುರ್ಕಿಯಲ್ಲಿದೆ’ ಎಂಬ ವಾದ ಕೇಳಿದರೆ ಭೂಪಟ ತೆರೆದು ತೋರಿಸಿ. ಆಗುಂಬೆಯಲ್ಲಿ ಬೆಳೆಯುವುದೆಲ್ಲ ಚಳ್ಳಕೆರೆಯಲ್ಲಿ ಬೆಳೆಯುವುದೇ?

ಬಾದಾಮಿಗಾದರೆ ಆ ಒಣ ಬೆಟ್ಟಗಳ ಅಂಚು ತವರು. ಶಾನ್ಲಿಉರ್ಫಾ ಬಳಿಯ ಗೋಬೆಕ್ಲಿ ತೆಪೆಯ ಪ್ರಾಚೀನ ನೆಲೆಯಲ್ಲಿ ಬಾದಾಮಿ ಮತ್ತು ಪಿಸ್ತಾ ಜಾತಿಯ ಮರಗಳ ಇದ್ದಿಲು ಸಿಕ್ಕಿದೆ. ಇಸ್ರೇಲಿನ ಉತ್ತರದಲ್ಲಿ, ಜೋರ್ಡಾನ್ ನದಿಯ ದಡದ ಗೆಶೆರ್ ಬೆನೋತ್ ಯಾಕೋವ್ ಎಂಬಲ್ಲಿ ಸುಮಾರು 7,80,000 ವರ್ಷ ಹಳೆಯ ಪದರದಲ್ಲಿ ಕಾಡು ಬಾದಾಮಿಯ ಚಿಪ್ಪುಗಳೂ, ಕಾಯಿ ಒಡೆದು ಕುಳಿಬಿದ್ದ ಕಲ್ಲುಗಳೂ ದೊರೆತಿವೆ. ಆ ಕುಳಿಗಳ ಚಿತ್ರ ನೋಡಿದಾಗ ನಮ್ಮ ಶಾಲೆಯ ಅಂಗಳದ ಜಜ್ಜುಗಲ್ಲು ಕಣ್ಣೆದುರು ಬಂತು.

ಏಳನೆಯ ಹೆಜ್ಜೆ: ಮರವನ್ನೂ ಕಾಯಿಯನ್ನೂ ಹತ್ತಿರದಿಂದ ನೋಡಿ

ತಂದಿಟ್ಟ ಬಾದಾಮಿಯೊಂದನ್ನು ಕೈಗೆತ್ತಿಕೊಳ್ಳಿ. ಚಪ್ಪಟೆ, ಒಂದು ತುದಿ ಚೂಪು. ಚಿಪ್ಪಿನ ಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು. ಒಂದು ಬದಿಯಲ್ಲಿ ಉದ್ದಕ್ಕೆ ಏಣು. ಮರದ ಮೇಲಿರುವಾಗ ಈ ಚಿಪ್ಪನ್ನು ಬೂದುಹಸಿರು ಬಣ್ಣದ, ಮಖಮಲ್ಲಿನಂಥ ತೊಗಲು ಮುಚ್ಚಿರುತ್ತದೆ. ಬಲಿತಾಗ ತೊಗಲು ಸೀಳಿ ಚಿಪ್ಪು ಕಾಣುತ್ತದೆ. ಹೇಜಲ್ ಕಾಯಿ ಗುಂಡಗೆ, ನುಣ್ಣಗೆ ಇರುತ್ತದೆ, ಅಂಚು ಹರಿದ ಎಲೆಯಂಥ ತೊಟ್ಟಿಲಲ್ಲಿ ಕುಳಿತಿರುತ್ತದೆ. ಎಲೆಯಲ್ಲೂ ಗೊಂದಲವಿಲ್ಲ: ಬಾದಾಮಿಯದು ಮಾವಿನೆಲೆಯನ್ನು ಚಿಕ್ಕದು ಮಾಡಿ ಅಂಚಿಗೆ ಸಣ್ಣ ಗರಗಸ ಹಲ್ಲು ಇಟ್ಟಂತೆ, ಹೇಜಲಿನದು ಅಗಲ, ದುಂಡು, ಒರಟು.

ಇನ್ನು ಹೂವು. ಇಸ್ರೇಲಿನ ಬೆಟ್ಟಗಳಲ್ಲಿ ಜನವರಿ ಕೊನೆ, ಫೆಬ್ರವರಿಯ ಹೊತ್ತಿಗೆ ಉಳಿದ ಮರಗಳೆಲ್ಲ ಬೋಳಾಗಿರುವಾಗ ಬಾದಾಮಿ ಎಲೆ ಬಿಡುವ ಮೊದಲೇ ಹೂ ಬಿಡುತ್ತದೆ. ಐದೆಸಳಿನ ಹೂ, ಬಿಳಿ ಅಥವಾ ನಸುಗುಲಾಬಿ. ದೂರದಿಂದ ಮರವೇ ನರೆತಂತೆ ಕಾಣುತ್ತದೆ. ಪ್ರಸಂಗಿ 12:5ರಲ್ಲಿ ಮುಪ್ಪಿನ ವರ್ಣನೆಯ ನಡುವೆ ಬಾದಾಮಿ ಹೂಬಿಡುವ ಮಾತು ಬರುವುದು ಇದರಿಂದಲೇ. ಯೆರೆಮೀಯ 1:11–12ರ ಶ್ಲೇಷೆಯೂ ಈಗ ತಿಳಿಯಾಗುತ್ತದೆ. ಪ್ರವಾದಿಯು ಶಾಕೇದ್ ಮರದ ಕೊಂಬೆ ಕಾಣುತ್ತೇನೆ ಎನ್ನುತ್ತಾನೆ, ನನ್ನ ಮಾತು ನೆರವೇರುವಂತೆ ಎಚ್ಚರವಾಗಿ ಕಾಯುತ್ತಿದ್ದೇನೆ, ಶೋಕೇದ್, ಎಂದು ದೇವರು ಉತ್ತರಿಸುತ್ತಾನೆ. ಚಳಿಗಾಲದ ನಿದ್ದೆಯಿಂದ ಮೊದಲು ಏಳುವ ಮರಕ್ಕೆ ಎಚ್ಚರದ ಹೆಸರು. ಬಾದಾಮಿ ಎಂಬ ಪಾರಸಿ ಮಾತಿನಲ್ಲಿ ಈ ನಾದ ಉಳಿಯುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಓದುವಾಗ ಆ ಎರಡು ಹೀಬ್ರೂ ಪದಗಳನ್ನು ಬಾಯಿಬಿಟ್ಟು ಒಮ್ಮೆ ಹೇಳಿಕೊಳ್ಳಿ.

ಈ ಹೂವನ್ನು ಭಾರತದಲ್ಲೇ ನೋಡಬೇಕೆಂದರೆ ಶ್ರೀನಗರದಲ್ಲಿ ಹರಿಪರ್ಬತದ ಬುಡದ ಬಾದಾಮ್‌ವಾರಿ ತೋಟಕ್ಕೆ ಮಾರ್ಚ್ ತಿಂಗಳ ನಡುವಿನಲ್ಲಿ ಹೋಗಬಹುದು. ಎಲ್ಲೇ ಆಗಲಿ, ಈ ಜಾತಿಯ ಕಾಡು ಬಾದಾಮಿ ಕಂಡರೆ ತಿನ್ನಬೇಡಿ. ಕಹಿ ಬಾದಾಮಿಯಲ್ಲಿರುವ ಅಮಿಗ್ಡಲಿನ್ ಜಗಿದಾಗ ಸಯನೈಡ್ ವಿಷ ಬಿಡುತ್ತದೆ. ಗುರುತು ಹಿಡಿಯಲು ಕಣ್ಣು ಸಾಕು.

ಎಂಟನೆಯ ಹೆಜ್ಜೆ: ಇಂದಿನ ಹೀಬ್ರೂ ಕೊಡುವ ಉತ್ತರವನ್ನು ಕೊನೆಗಿಡಿ

ಮೊಬೈಲಿನ ಅನುವಾದಕದಲ್ಲಿ ಲೂಜ್ ಎಂದು ಹಾಕಿದರೆ ಹೇಜಲ್ ಎಂದೇ ಬರಬಹುದು. ಇಂದಿನ ಇಸ್ರೇಲಿನಲ್ಲಿ ಲೂಜ್ ಎಂದರೆ ಹೇಜಲ್ ಕಾಯಿ, ಅರ್ಮೋನ್ ಎಂದರೆ ಚೆಸ್ಟ್‌ನಟ್. ಹಳೆಯ ಪದಗಳಿಗೆ ಆಧುನಿಕ ಬಳಕೆ ತನ್ನದೇ ಅರ್ಥ ಕೊಟ್ಟುಕೊಂಡಿದೆ, ಮಧ್ಯಯುಗದ ವ್ಯಾಖ್ಯಾನಗಳ ನೆರಳೂ ಅಲ್ಲಿದೆ. ಅದನ್ನು ಯಾಕೋಬನ ಕಾಲಕ್ಕೆ ಒಯ್ಯುವಂತಿಲ್ಲ. ಅರ್ಮೋನ್ ವಿಷಯದಲ್ಲಿ ಪದವೇ ಸುಳಿವು ಕೊಡುತ್ತದೆ: ಬೆತ್ತಲೆ ಎಂಬ ಅರ್ಥದ ಹೀಬ್ರೂ ಮೂಲಕ್ಕೆ ಅದನ್ನು ಸೇರಿಸುತ್ತಾರೆ, ಮತ್ತು ಹಕ್ಕಳೆ ಹಕ್ಕಳೆಯಾಗಿ ತೊಗಟೆ ಕಳಚಿ ನಿಲ್ಲುವುದು ಪ್ಲೇನ್ ಮರ. ಗ್ರೀಕ್ ಅನುವಾದವೂ ಜೆರೋಮ್ ಅವರೂ ಅದನ್ನೇ ಹೇಳಿದ್ದಾರೆ.

ಈಗ ನೋಟ್‌ಬುಕ್ಕಿನಲ್ಲಿ ತೀರ್ಪು ಬರೆಯಿರಿ, ಎಷ್ಟು ಗಟ್ಟಿ ಎಂಬುದನ್ನೂ ಸೇರಿಸಿ. ನನ್ನ ಪುಟದಲ್ಲಿ ಹೀಗಿದೆ: ಲೂಜ್, ಬಾದಾಮಿ, ಗಟ್ಟಿ. ಅರ್ಮೋನ್, ಪ್ಲೇನ್ ಮರ, ಗಟ್ಟಿ. ಲಿಬ್ನೆ, ಸ್ಟೈರಾಕ್ಸ್ (ಬಿಳಿ ಹೂವಿನ ಸಣ್ಣ ಮರ) ಅಥವಾ ಬಿಳಿ ಪಾಪ್ಲರ್ ಮರ, ತೀರ್ಮಾನವಾಗಿಲ್ಲ. ಗ್ರೀಕ್ ಅನುವಾದವೇ ಆದಿಕಾಂಡದಲ್ಲಿ ಮೊದಲನೆಯದನ್ನೂ ಹೋಶೇಯ 4:13ರಲ್ಲಿ ಎರಡನೆಯದನ್ನೂ ಹೇಳುತ್ತದೆ.

ಕೈ ಕುದುರಿದ ಮೇಲೆ ಇನ್ನೆರಡು

ಆದಿಕಾಂಡ 43:11ರ ಬೊತ್ನೀಮ್, ಸಂಖ್ಯೆ 992. ಬರದ ಕಾಲದಲ್ಲಿ ಯಾಕೋಬನು ಈಜಿಪ್ಟಿನ ಅಧಿಕಾರಿಗೆ ಕಳುಹಿಸುವ ಕಾಣಿಕೆಯಲ್ಲಿ ಬಾದಾಮಿಯ ಜೊತೆ ಇದೂ ಇದೆ. ಇಂದಿನ ಹೀಬ್ರೂವಿನಲ್ಲಿ ಬೊತ್ನೀಮ್ ಎಂದರೆ ಕಡಲೆಕಾಯಿ. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ, ಕೊಲಂಬಸ್‌ಗಿಂತ ಮೊದಲು ಈ ಕಡೆ ಬಂದದ್ದಲ್ಲ, ಆದ್ದರಿಂದ ಆ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಅರಬ್ಬಿಯಲ್ಲಿ ಬುತ್ಮ್ ಎಂದರೇನು ಎಂದು ಕೇಳಿ. ಅದು ಟೆರೆಬಿಂತ್, ಪಿಸ್ತಾ ಕುಲದ ಕಾಡುಮರ, ಬಟಾಣಿಯಷ್ಟು ಸಣ್ಣ ಕಾಯಿಗಳದು. ಗ್ರೀಕ್ ಅನುವಾದವೂ ಟೆರೆಬಿಂತ್ ಎಂದೇ ಹೇಳುತ್ತದೆ. ಅಂಗಡಿಯ ದಪ್ಪ ಪಿಸ್ತಾ ಮಧ್ಯ ಏಷ್ಯಾ, ಇರಾನ್ ಕಡೆಯ ಮೂಲದ್ದು, ಯಾಕೋಬನ ನಾಡಾದ ಕಾನಾನಿಗೆ ಆಮೇಲೆ ಬಂದದ್ದು.

ಪರಮಗೀತ 6:11ರ ಎಗೋಜ್, ಸಂಖ್ಯೆ 93. ಇದೂ ಒಂದೇ ಸಲ ಬರುವ ಪದ. ‘ಎಗೋಜ್ ತೋಟಕ್ಕೆ ಇಳಿದು ಹೋದೆನು’ ಎಂಬಲ್ಲಿ ಇಳಿದು ಎಂಬುದನ್ನು ಬರೆದುಕೊಳ್ಳಿ, ಪಕ್ಕದಲ್ಲೇ ಕಣಿವೆಯ ಹಸಿರಿನ ಮಾತೂ ಇದೆ. ಅರಬ್ಬಿಯ ಜವ್ಜ್, ಪಾರಸಿಯ ಗೋಜ್ ನೋಡಿ, ಎರಡೂ ಅಕ್ರೋಟು. ಮೊದಲನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಗೆನೆಜರೇತ್ ಸರೋವರದ ಸುತ್ತ ಅಕ್ರೋಟು ಮರಗಳು ಸಮೃದ್ಧವಾಗಿ ಬೆಳೆಯುತ್ತಿದ್ದವೆಂದು ಬರೆದಿದ್ದಾನೆ. ಕಾಶ್ಮೀರಕ್ಕೆ ಹೋದವರು ಬಾದಾಮಿ ಹೂವಿನ ಜೊತೆ ಒಂದು ಅಕ್ರೋಟು ಎಲೆಯನ್ನೂ ಕೈಯಲ್ಲಿ ಹಿಸುಕಿ ಮೂಸಿ ನೋಡಿ. ಆದರೆ ಮಾರ್ಚ್‌ನಲ್ಲಿ ಅದಿನ್ನೂ ಬೋಳಾಗಿರುತ್ತದೆ, ಎಲೆ ಬೇಕೆಂದರೆ ಮೇ ತಿಂಗಳವರೆಗೆ ಕಾಯಬೇಕು.